ಚೀಲ ಕಟ್ಟಿದಾಕಿ

ನಮ್ಮ ಅಕ್ಕೋರ ಎಡಗೈಯಲ್ಲಿ ಒಂದೂ ಬಳೆ ಇರುತ್ತಿರಲಿಲ್ಲ. ಎರಡು ಕೈಯ ಹಸಿರು ಬಳೆಗಳನ್ನೂ ಬಲಗೈಗೇ ಏರಿಸಿಕೊಂಡಿರುತ್ತಿದ್ದರು. ಕೈ ಎತ್ತಿದರೆ ಅವು ಮೊಳಕೈಯತ್ತ ಜಾರಿ ಗಲ್ಲೆನ್ನುತ್ತಿದ್ದವು. ಎಡಗೈಯ ಒಳಭಾಗದಲ್ಲಿ, ಮಣಿಕಟ್ಟಿನ ಮೇಲೆ, ನೇರಳೆ ಹಣ್ಣಿನ ಕಲೆಯಂಥ ಒಂದು ಗುರುತು. ಬಿದಿರಿನ ಬಿಲ್ಲಿನ ಹೆದೆ ವರ್ಷಗಟ್ಟಲೆ ಬಡಿದು ಆದದ್ದು. ಓಣಿಯ ಹಿರಿಯ ಹೆಂಗಸರು "ಮುತ್ತೈದಿ ಹೀಂಗ ಒಂದ ಕೈ ಬರಿದ ಇಟ್ಕೋಬಾರದ್ರಿ ಅಕ್ಕೋರ" ಎಂದರೆ, "ಬರಿದ ಎಲ್ಲೈತ್ರಿ? ಬಿಲ್ಲ ಹಿಡದೀನಲ್ಲ" ಎಂದು ಮುಂದೆ ನಡೆಯುತ್ತಿದ್ದರು.

ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಇವರು ಬೆಳಗಾವಿಯ ಒಂದು ಸಾಲಿಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು. ಆಮೇಲೆ ಅನಗೋಳದ ಅಂಚಿನ ಒಂದು ಮೈದಾನದಲ್ಲಿ ಮುಂಜಾನೆ ಸಂಜೆ ನಮಗೆ ಬಿಲ್ಲುಗಾರಿಕೆ ಕಲಿಸಿದರು. ಕಳೆದ ತಿಂಗಳು ತೀರಿಕೊಂಡರು. ಮೂರನೆಯ ದಿನಕ್ಕೆ ನಮ್ಮ ಓಣಿಯ ತಿರುವಿನಲ್ಲಿ ಒಂದು ಫ್ಲೆಕ್ಸ್ ಎದ್ದಿತು: 'ಸಹನಾಮೂರ್ತಿಗೆ ಭಾವಪೂರ್ಣ ಶ್ರದ್ಧಾಂಜಲಿ'. ಮೇಲೆ ಅಕ್ಕೋರ ಚಿಕ್ಕ ಫೋಟೋ. ಕೆಳಗೆ ಕೈಮುಗಿದು ನಿಂತ ಮೈದಾನದ ಮಾಲಕರ ಫೋಟೋ, ಅದರ ಎರಡರಷ್ಟು ದೊಡ್ಡದು.

ಅಕ್ಕೋರು ಸಹನಾಮೂರ್ತಿ ಆಗಿರಲಿಲ್ಲ. ನಾನು ಕಂಡವರಲ್ಲಿ ಅವರಷ್ಟು ಸಿಟ್ಟಿನವರು ಇನ್ನೊಬ್ಬರಿಲ್ಲ. ಇನ್ನು ಆ ಮುಗಿದ ಕೈಗಳ ಸಂಗತಿ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ತಣ್ಣಗೆ ಬರೆಯಲು ಕಾಯ್ದು ನೋಡಿದೆ, ಆಗಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತೇನೆ.

ಅವರ ಸಿಟ್ಟಿಗೆ ಒಂದು ಪದ್ಧತಿಯಿತ್ತು. ಗುರಿ ತಪ್ಪಿದರೆ ಬೈಯುತ್ತಿರಲಿಲ್ಲ. ಬಾಣ ಬಿಟ್ಟ ಕೂಡಲೇ ಬಿಲ್ಲಿನ ಕೈ ಇಳಿಸಿದರೆ ಮಾತ್ರ ಹಿಂದಿನಿಂದ ಒಂದು ಕೂಗು: "ಏ ಹುಡುಗಿ! ಕೈ ಯಾಕ ಇಳಿಸಿದಿ? ಅದು ಹೋಗಿ ನೆಡೂ ತನಕ ನಿಂದ ಐತಿ." ಮೊದಲ ವರ್ಷವೆಲ್ಲ ನಾನು ಈ ಮಾತನ್ನು ಕೇಳಿ ಕೇಳಿ ಮನೆಗೆ ಬಂದು ಅಳುತ್ತಿದ್ದೆ. ಎಲ್ಲವನ್ನೂ ಎಣಿಸಿ ಬರೆದಿಡುವ ಚಟ ನನಗೆ. ದಿನಕ್ಕೆ ಎಷ್ಟು ಬಾಣ ಬಿಟ್ಟೆ, ಎಷ್ಟು ನಡುವಿನ ಹಳದಿಗೆ ಬಿದ್ದವು, ಎಷ್ಟು ಸಲ ಬೈಸಿಕೊಂಡೆ. ಮೂರನೆಯದು ಎಷ್ಟೋ ತಿಂಗಳು ಎರಡನೆಯದಕ್ಕಿಂತ ಮುಂದಿತ್ತು.

ಅಕ್ಕೋರು ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು, ಬಟ್ಟೆಯಲ್ಲಿ ಸೋಸದ ನೀರು ಕುಡಿಯದವರು, ಉಳ್ಳಾಗಡ್ಡಿ ಬಟಾಟಿ ಮುಟ್ಟದವರು. ಇಂಥವರು ಬಿಲ್ಲು ಹಿಡಿದರೆ ಜನ ಸುಮ್ಮನಿರುತ್ತಾರೆಯೇ? ಅವರ ಸಂಬಂಧಿಕರೊಬ್ಬರು ನಮ್ಮೆದುರೇ ಕೇಳಿದ್ದರು: "ಅಹಿಂಸಾ ಅಂತೀರಿ, ಬಾಣಾನೂ ಬಿಡ್ತೀರಿ. ಇದು ಯಾವ ಧರ್ಮ್ರಿ?" ಅಕ್ಕೋರು ಹೆದೆಗೆ ಮೇಣ ಸವರುತ್ತಿದ್ದವರು ತಲೆ ಎತ್ತಲಿಲ್ಲ. "ಹುಲ್ಲಿಗೆ ಹೊಡೀತೀನ್ರಿ. ನೀವು ಬಾಯಲ್ಲೆ ಮಂದಿಗೆ ಹೊಡೀತೀರಲ್ಲ, ಅದು ಯಾವ ಧರ್ಮ?"

ಆ ಹುಲ್ಲಿಗೂ ಅವರು ಸುಮ್ಮನೆ ಹೊಡೆಸುತ್ತಿರಲಿಲ್ಲ. ನಮ್ಮ ಗುರಿಗಳು ಒಣಹುಲ್ಲನ್ನು ಬಿಗಿದು ಕಟ್ಟಿದ ದಪ್ಪ ಹಲಗೆಗಳು. ದಿನಾ ಮುಂಜಾನೆ ಮೊದಲ ಬಾಣಕ್ಕೆ ಮೊದಲು ಒಂದು ಕೋಲು ಹಿಡಿದು ಪ್ರತಿ ಗುರಿಯ ಮುಂದೆ ನಿಂತು ಮೆಲ್ಲಗೆ ತಟ್ಟುತ್ತಿದ್ದರು. ಮೇಲೆ, ಕೆಳಗೆ, ಎರಡೂ ಬಾಜು. ಹಲ್ಲಿ, ಓತಿಕ್ಯಾತ, ಜೇಡ ಏನಿದ್ದರೂ ಹೊರಬೀಳಲಿ ಎಂದು. "ಬರ್ರಿ, ಹೊರಗ ಬರ್ರಿ, ಹುಡುಗ್ರು ಬಂದಾರ" ಎಂದು ಅವುಗಳಿಗೆ ಬಹುವಚನದಲ್ಲಿ ಹೇಳುತ್ತಿದ್ದರು. ನಮಗೆ ಏಕವಚನ. ಒಂದು ಬೇಸಿಗೆಯಲ್ಲಿ ಕೊನೆಯ ಗುರಿಯ ಹಿಂದೆ ಅಳಿಲು ಮರಿ ಹಾಕಿತ್ತು. ಮರಿಗಳು ಓಡಾಡುವ ತನಕ ಆ ಸಾಲನ್ನೇ ಮುಚ್ಚಿದರು.

ಇನ್ನೊಂದು ಅವರ ಕಟ್ಟಳೆ. ಗುರಿ ದಾಟಿ ಹುಲ್ಲಿನಲ್ಲಿ ಬಿದ್ದ ಬಾಣ ಸಿಗುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಒಬ್ಬರ ಬಾಣ ಕಳೆದರೆ ಎಲ್ಲರೂ ಸಾಲಾಗಿ ನಿಂತು ಕಾಲಿನಿಂದ ಹುಲ್ಲು ಸವರುತ್ತ ನಡೆಯಬೇಕು. "ಮುಂಜಾನಿ ಎಮ್ಮಿ ಬರ್ತಾವ ಇಲ್ಲಿ. ಗೊರಸಿಗೆ ಚುಚ್ಚಿದ್ರ ಅದು ಯಾರ ಹೆಸರ ಹೇಳಬೇಕು?" ಮಳೆಯಲ್ಲೂ ಹುಡುಕಿದ್ದೇವೆ, ಪರೀಕ್ಷೆಯ ಹಿಂದಿನ ಸಂಜೆಯೂ ಹುಡುಕಿದ್ದೇವೆ.

ಈ ಕಟ್ಟಳೆ ಒಬ್ಬರಿಗೆ ಮಾತ್ರ ಅನ್ವಯಿಸುತ್ತಿರಲಿಲ್ಲ. ಮಾಲಕರಿಗೆ. ಜಾಗ ಅವರದು, ಮೂಲೆಯ ತಗಡಿನ ಶೆಡ್ಡು ಅವರದು. ಬಾಡಿಗೆ ಇಲ್ಲದೆ ಕೊಟ್ಟಿದ್ದರು ಎನ್ನುವುದನ್ನು ವಾರಕ್ಕೊಮ್ಮೆ ನೆನಪಿಸುತ್ತಿದ್ದರು. ಕಟ್ಟಡದ ಗುತ್ತಿಗೆಯವರು, ಕುಳ್ಳಗೆ, ಕೆಂಪಗೆ, ಸದಾ ನಗುವ ಮುಖ. ಗಾಲಿಗಳಿರುವ ಹೊಸ ನಮೂನೆಯ ಬಿಲ್ಲು ತರಿಸಿ ತಾವೂ ಕಲಿಯಲು ಬಂದರು. ಅವರ ಬಾಣಗಳಿಗೆ ಕರೀ ಗರಿ. ಕಳೆದರೆ "ಹೋಗ್ಲಿ ಬಿಡ್ರಿ ಅಕ್ಕೋರ, ಬ್ಯಾರೇದು ತರಿಸೂಣು" ಎಂದು ಕಾರು ಹತ್ತುತ್ತಿದ್ದರು. ನಾವು ಹುಡುಕುತ್ತಿದ್ದೆವು. ಅಕ್ಕೋರು ಅವರನ್ನು ಬೈಯುತ್ತಿರಲಿಲ್ಲ ಎಂಬುದು ನನಗೆ ಆಗಲೂ ಸಿಟ್ಟು ತರಿಸುತ್ತಿತ್ತು. ಒಮ್ಮೆ ಕೇಳಿಯೂ ಬಿಟ್ಟೆ. "ಮೈದಾನ ಹೋದ್ರ ನೀವೆಲ್ಲಾ ಎಲ್ಲಿ ಹೊಡೀತೀರಿ, ನಿಮ್ಮಪ್ಪನ ತಲಿ ಮ್ಯಾಲ?" ಎಂದರು. ನಮಗಾಗಿ ಅವರು ನುಂಗುತ್ತಿದ್ದದ್ದು ಅದೊಂದೇ ಸಿಟ್ಟು.

ಮಳೆಗಾಲ ಮುಗಿದು ಹುಲ್ಲು ಎದೆಯುದ್ದ ನಿಂತಿದ್ದ ಹೊತ್ತು. ಒಂದು ಶುಕ್ರವಾರ ಸಂಜೆ ಮಾಲಕರು ಹೊಸ ದೊಡ್ಡ ಚೀಲವೊಂದನ್ನು ತಂದು ಶೆಡ್ಡಿನ ಕಟ್ಟೆಯ ಮೇಲಿಟ್ಟರು.

"ಅಕ್ಕೋರ, ಖಾನಾಪುರ ಕಡೆ ನಮ್ಮ ತ್ವಾಟ ಐತಲ್ರಿ, ನಂದಗಡದ ಆಚಿಗೆ. ಗುಡ್ಡ, ಹಳ್ಳ, ಅಡವಿ ಎಲ್ಲಾ ಹತ್ತಿದ್ದ ಐತಿ. ನೀವು ಯಾವಾಗ್ಲೂ ಅಂತಿರ್ತೀರಲ್ಲ, ಅಡವ್ಯಾಗಿನ ಆಟ ಅಂತ. ನಾಳೆ ನಾವು ನಾಕ ಮಂದಿ ದೋಸ್ತರು ಹೋಗಿ ಜಾಗಾ ನೋಡಿ ಬರ್ತೀವಿ. ಏನೇನ್ ಒಯ್ಬೇಕು, ನೀವ ಆರಿಸಿ ಕಟ್ಟಿಕೊಡ್ರಿ."

ಅಡವಿಯ ಆಟ ಎಂದರೆ ಅಕ್ಕೋರ ಬಹುದಿನದ ಆಸೆ. ಬಿಲ್ಲುಗಾರಿಕೆಯಲ್ಲಿ ಅದೊಂದು ಬೇರೆಯೇ ಸ್ಪರ್ಧೆ. ಗುಡ್ಡ ಹತ್ತಿ ಇಳಿಯುತ್ತ, ಗಿಡಗಳ ನಡುವೆ ಇಟ್ಟ ಕಾಗದದ ಗುರಿಗಳಿಗೆ ದೂರವನ್ನು ಕಣ್ಣಳತೆಯಲ್ಲೇ ಅಂದಾಜು ಮಾಡಿ ಹೊಡೆಯಬೇಕು. ಹುಡುಗರನ್ನು ಒಮ್ಮೆ ಹಾಗೆ ಕರೆದೊಯ್ಯಬೇಕು ಎಂದು ಅವರು ಹೇಳುತ್ತಲೇ ಇದ್ದರು. ಆ ಸಂಜೆ ಅವರ ಮುಖ ನೋಡಬೇಕಿತ್ತು. ಸೆರಗು ಸಿಕ್ಕಿಸಿ ಕಟ್ಟೆಯ ಮೇಲೆ ಕೂತರು. "ಏ, ಮೇಣ ತಗೊಂಡ ಬಾ. ಒಂದ ಹೆಚ್ಚಿನ ಹೆದಿ ತಗೊಂಡ ಬಾ. ಹಳೇ ಟಾವೆಲ್ ಎರಡು" ಎಂದು ನನ್ನನ್ನು ಓಡಾಡಿಸಿದರು.

ಚೀಲ ಕಟ್ಟುವುದೆಂದರೆ ಅವರಿಗೆ ಮೊದಲು ಬಿಚ್ಚುವುದು. ಮಾಲಕರು ತುಂಬಿಕೊಂಡು ಬಂದಿದ್ದನ್ನೆಲ್ಲ ಒಂದೊಂದೇ ಹೊರಗೆ ತೆಗೆದಿಟ್ಟರು. "ಅಡವ್ಯಾಗ ಹತ್ತು ಸಾಮಾನು ಹೊತ್ತಾವ ಹತ್ತು ಸಲ ಕುಂದರ್ತಾನ. ಬೇಕಾದಷ್ಟ ಒಯ್ಯೂದು." ಮಡಚುವ ಕುರ್ಚಿ ಹೊರಗೆ. ದೊಡ್ಡ ದುರ್ಬೀನು ಹೊರಗೆ. ಎಲೆ ಎಲೆ ಚಿತ್ರವಿರುವ ಹಸಿರು ಅಂಗಿ ಪ್ಯಾಂಟು ಹೊರಬಂದಾಗ ಅದನ್ನು ಎರಡೂ ತೋಳು ಹಿಡಿದು ಎತ್ತಿ ನೋಡಿದರು.

"ಇದ್ಯಾಕ್ರಿ? ಕಾಗದದ ಗುರಿ ನಿಮ್ಮನ್ನ ನೋಡಿ ಓಡಿ ಹೋಗ್ತೈತೇನು?"

ನಾವೆಲ್ಲ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಲಕರು.

ಹಸಿ ಹೊತ್ತಾದ್ದರಿಂದ ಹೆದೆಗೆ ಮೇಣ. ಬಿಲ್ಲು ಒರೆಸಲು ಟಾವೆಲು. ಗಾಲಿಯ ತಿರುಪು ಸಡಿಲಾದರೆ ಬಿಗಿಯಲು ಚಿಕ್ಕ ಪಾನಾ. ಹುಲ್ಲಿನಲ್ಲಿ ಬಿದ್ದ ಬಾಣ ಎಳೆಯಲು ತುದಿ ಬಾಗಿಸಿದ ಕಬ್ಬಿಣದ ಕಡ್ಡಿ, ಅಕ್ಕೋರೇ ಮಾಡಿಸಿದ್ದು. ಯಾರಾದರೂ ದಾರಿ ತಪ್ಪಿದರೆ ಊದಲು ಸೀಟಿ. ತಿನ್ನಲು ಶೇಂಗಾ ಹೋಳಿಗೆಯ ಒಂದು ಡಬ್ಬಿ, ಅದು ನಮಗೆಂದು ತಂದದ್ದು. ಕೊನೆಗೆ ಬಾಣಗಳ ಸರದಿ. ಮಾಲಕರ ಬಳಿ ಉಳಿದಿದ್ದೇ ನಾಲ್ಕೋ ಐದೋ.

"ಕರೀ ಗರಿ ಹುಲ್ಲಾಗ ಯಾರಿಗೆ ಕಾಣ್ತಾವ? ಈ ಹುಡುಗಿವು ಕಿತ್ತಳೆ ಗರಿ ಅದಾವ, ದೂರದಿಂದ ಕಾಣ್ತಾವ. ಆರು ಒಯ್ರಿ. ನಿಮ್ಮ ಕೈ ಅಳತಿ, ಆಕಿ ಕೈ ಅಳತಿ ಒಂದ ಐತಿ." ಇದಕ್ಕೂ ನಾವು ನಕ್ಕೆವು, ಯಾಕೆಂದರೆ ನಾನು ಹತ್ತೊಂಬತ್ತರ ಹುಡುಗಿ, ಅವರು ಐವತ್ತರ ಗಂಡಸು. ಈ ಸಲ ಮಾಲಕರು ನಗಲಿಲ್ಲ.

ನನ್ನ ಆರು ಬಾಣಗಳನ್ನು ಕೊಳವೆಯಲ್ಲಿ ಹಾಕಿ ಮಾಲಕರ ಕಾರಿನಲ್ಲಿಡಲು ಅಕ್ಕೋರು ಹೇಳಿದರು. ಇಟ್ಟು ಬಂದೆ. ಮರಳಿ ಬರುವಷ್ಟರಲ್ಲಿ ಮೇಣದ ಡಬ್ಬಿ ಹಾಕಲು ಅಕ್ಕೋರು ಚೀಲದ ಬಾಜು ಜೇಬಿನೊಳಗೆ ಕೈ ಹಾಕಿದ್ದರು. ಹೆಬ್ಬೆರಳಿನಿಂದ ರಕ್ತ ಇಳಿಯುತ್ತಿತ್ತು. ಅಂಗೈಯಲ್ಲಿ ಒಂದು ಮೊನೆ. ನಮ್ಮ ಬಾಣದ ಮೊನೆ ಪೆನ್ಸಿಲ್ಲಿನಂತೆ ಗುಂಡಗಿರುತ್ತದೆ. ಇದಕ್ಕೆ ಬ್ಲೇಡಿನಂಥ ಮೂರು ಅಲಗು.

"ಇದೇನ್ರಿ?"

"ಅಕ್ಕೋರ, ನೀವು ಕೈಗೆ ಮೊದಲ ಏನರ ಕಟ್ಕೋರಿ—"

"ಇದೇನು ಅಂತ ಕೇಳಿದೆ. ಕಾಗದ ಕೊಯ್ಯಾಕ ಏನು?"

ಮಾಲಕರು ಕೂತಲ್ಲೇ ಕಾಲು ಬದಲಿಸಿದರು. "ಹಂದಿ ರೀ. ಅಡವಿ ಹಂದಿ. ನಮ್ಮ ಕಬ್ಬು ತಿಂದು ಹಾಳ ಮಾಡ್ಯಾವ. ರೈತರಿಗೆ ಎಷ್ಟ ತ್ರಾಸ ಐತಿ ನಿಮಗ ಗೊತ್ತಿಲ್ಲ."

"ನೀವು ಯಾವಾಗ ರೈತರಾದ್ರಿ? ನಿಮ್ಮ ಕಬ್ಬಿಗೆ ನೀರು ಯಾವ ಕಡಿಂದ ಹಾಯಿಸ್ತಾರ, ಹೇಳ್ರಿ ನೋಡೂಣು."

"ಖರೇ ಹೇಳ್ಲೇನ್ರಿ? ದಿನಾ ಹುಲ್ಲಿಗೆ ಹೊಡದ ಹೊಡದ ಮಜಾ ಹೋಗೇತಿ."

ಅಕ್ಕೋರು ಎದ್ದು ನಿಂತರು. "ನಿಂತ ಹುಲ್ಲಿಗೆ ನಿಮ್ಮ ಬಾಣ ನೆಟ್ಟಗ ನೆಡೂದಿಲ್ಲ. ಓಡೂ ಜೀವಕ್ಕ ಎಲ್ಲಿ ನೆಡ್ತೈತಿ? ಹೊಟ್ಟಿಗೆ. ಹೊಟ್ಟ್ಯಾಗ ಬಾಣ ಇಟ್ಕೊಂಡು ಅದು ಎಷ್ಟು ದಿನಾ ತಿರಗಬೇಕ್ರಿ? ನೀವಂತೂ ಹುಡುಕಾಕ ಹೋಗೂದಿಲ್ಲ. ಬ್ಯಾರೇದು ತರಸ್ತೀರಿ."

ಕಟ್ಟಿದ್ದನ್ನೆಲ್ಲ ಎಳೆದು ಹೊರಗೆ ಹಾಕಿದರು. ಮೇಣ, ಹೆದೆ, ಸೀಟಿ, ಹೋಳಿಗೆಯ ಡಬ್ಬಿ. ಮೊನೆಗಳಿದ್ದ ಪೆಟ್ಟಿಗೆಯನ್ನು ನಡೆದು ಹೋಗಿ ಮೂಲೆಯ ಹಾಳು ಬಾವಿಯಲ್ಲಿ ಒಗೆದರು. ಮಾಲಕರ ನಗುವ ಮುಖ ಆಗ ಹೋಯಿತು.

"ಅಕ್ಕೋರ, ಜಾಗಾ ಯಾರದು ಅಂತ ನೆನಪಿರ್ಲಿ."

"ಜಾಗಾ ನಿಮ್ಮದು. ಕಲಿಸಿದ್ದು ನಂದು. ಜಾಗಾ ನೀವು ನಾಳೆ ತಿರುಗಿ ಇಸ್ಕೋಬಹುದು. ಕಲಿಸಿದ್ದು ನಾ ಹೆಂಗ ತಿರುಗಿ ಇಸ್ಕೊಳ್ಳಲಿ?"

ಮಾಲಕರು ಬಿಲ್ಲು ಮತ್ತು ಬರಿದಾದ ಚೀಲ ಎತ್ತಿಕೊಂಡು ಕಾರು ಹತ್ತಿ ಹೋದರು. ಆ ರಭಸದಲ್ಲಿ ನಮಗಾರಿಗೂ ಹೊಳೆಯಲಿಲ್ಲ. ಸಂಜೆಯ ಲೆಕ್ಕ ಬರೆಯುವಾಗ ನನ್ನ ಬಾಣ ಆರು ಕಡಿಮೆ ಬಂದವು. ಕೊಳವೆ ಕಾರಿನಲ್ಲೇ ಹೋಗಿತ್ತು. ಹೇಳಿದಾಗ ಅಕ್ಕೋರು ಅಲ್ಲಿಂದಲೇ ಫೋನು ಹಚ್ಚಿದರು. ಮಾಲಕರು ಎತ್ತಲಿಲ್ಲ. ಮತ್ತೆ ಹಚ್ಚಿದರು. ಮತ್ತೆ.

ಮರುದಿನ ಮುಂಜಾನೆಯ ಬಸ್ಸಿಗೆ ನನ್ನನ್ನೂ ಕರೆದುಕೊಂಡು ಹೊರಟರು. ಖಾನಾಪುರದಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು ನಂದಗಡ, ಅಲ್ಲಿಂದ ನಡೆದು ಆ ತೋಟ. ಗೇಟಿಗೆ ಒಳಗಿನಿಂದ ಕೀಲಿ. ಸಂದಿಯಲ್ಲಿ ಮಾಲಕರ ಕಾರು ಕಾಣುತ್ತಿತ್ತು. ಕಾವಲುಗಾರ ಬಂದ. ಅಕ್ಕೋರು ಕನ್ನಡದಲ್ಲಿ ಕೇಳಿದರು, ಮರಾಠಿಯಲ್ಲಿ ಕೇಳಿದರು. ಎರಡಕ್ಕೂ ಒಂದೇ ಉತ್ತರ: "ಮಲಾ ಕಾಯ್ ಮಾಹೀತ್ ನಾಯ್." ನನಗೇನೂ ಗೊತ್ತಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಗೇಟಿನೆದುರು ಕೂತೆವು. ಅಕ್ಕೋರು ಒಳಗಿದ್ದವರಿಗೆ ಕೇಳಲೆಂದು ಅಷ್ಟಷ್ಟು ಹೊತ್ತಿಗೆ ಕೂಗುತ್ತಿದ್ದರು: "ಬಾಣ ಕೊಡ್ರಿ ನಮ್ಮ ಹುಡುಗೀವು! ನಾ ಕಟ್ಟಿ ಕೊಟ್ಟದ್ದು ಹೊರಗ ಒಗೀರಿ!" ಯಾರೂ ಬರಲಿಲ್ಲ. ಕೊನೆಯ ಬಸ್ಸು ತಪ್ಪುತ್ತದೆಂದು ನಾನೇ ಎಬ್ಬಿಸಿಕೊಂಡು ಬಂದೆ. ಹೊತ್ತು ಮುಳುಗಿದ್ದರಿಂದ ಅವರು ಆ ದಿನ ಉಣ್ಣಲಿಲ್ಲ.

ಮಂಗಳವಾರ ಮುಂಜಾನೆ ಅರಣ್ಯ ಇಲಾಖೆಯ ಇಬ್ಬರು ಮೈದಾನಕ್ಕೆ ಬಂದರು. ಕಬ್ಬಿನ ಹೊಲದಲ್ಲಿ ಒಂದು ಹೆಣ್ಣು ಹಂದಿ ಸತ್ತು ಬಿದ್ದಿತ್ತು. ಹೊಲದವನು ದೂರದಿಂದ ಕಿತ್ತಳೆ ಬಣ್ಣ ಕಂಡು ಹತ್ತಿರ ಹೋಗಿ ನೋಡಿದ್ದ. ಮೊಬೈಲಿನಲ್ಲಿ ಬಾಣದ ಫೋಟೋ ತೋರಿಸಿದರು. ತುದಿಗೆ ಆ ಮೂರಲಗಿನ ಮೊನೆ. ಬಾವಿಗೆ ಬಿದ್ದದ್ದು ಒಂದು ಪೆಟ್ಟಿಗೆಯಾದರೆ ಅಂಥವರ ಬಳಿ ಇನ್ನೊಂದು ಇರದೆ ಇರುತ್ತದೆಯೇ? ಗರಿಯ ಬುಡದಲ್ಲಿ ನನ್ನ ಹೆಸರಿನ ಎರಡು ಅಕ್ಷರ. ಬಾಣದ ಮೇಲೆ ಹೆಸರಿನ ಅಕ್ಷರ ಇರಲೇಬೇಕೆಂಬುದು ಸ್ಪರ್ಧೆಯ ನಿಯಮ, ನಾನೇ ಚೆಂದಾಗಿ ಬರೆದದ್ದು. ಬಿಲ್ಲು ಬಾಣದ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ ನಮ್ಮ ಮೈದಾನ ಹುಡುಕಿಕೊಂಡು ಬಂದಿದ್ದರು.

"ಇದು ಯಾರ ಬಾಣ್ರಿ?"

ನಾನು ಬಾಯಿ ತೆರೆದೆ. "ಏ, ನೀ ಹೋಗಿ ಗುರಿ ಕಟ್ಟು" ಎಂದರು ಅಕ್ಕೋರು. ನಾನು ಅಲ್ಲಾಡಲಿಲ್ಲ. ಅವರು ನನಗೆ ಅಡ್ಡವಾಗಿ ನಿಂತರು.

"ಚೀಲ ಕಟ್ಟಿದಾಕಿ ನಾನು. ಬಾಣ ಆರಿಸಿದಾಕಿ ನಾನು. ಕೊಟ್ಟಾಕಿ ನಾನು. ಬರಕೋರಿ."

"ಇದರ ಮ್ಯಾಲ ಅಕ್ಷರ ಯಾರದೋ ಅದಾವಲ್ರಿ ಅಕ್ಕೋರ."

"ಈ ಮೈದಾನದಾಗಿನ ಬಾಣ ಎಲ್ಲಾ ನನ್ನ ತಾಬೇದಾಗ ಅದಾವು. ಯಾರ ಅಕ್ಷರ ಇದ್ರೂ ಕೊಟ್ಟಾಕಿ ನಾನ. ಒಯ್ದವರು ಯಾರು ಅಂತನೂ ಹೇಳ್ತೀನಿ, ಅದನ್ನೂ ಬರಕೋರಿ."

ಒಂದಕ್ಷರ ಸುಳ್ಳಿರಲಿಲ್ಲ ಅದರಲ್ಲಿ. ಸುಳ್ಳು ಹೇಳದೆಯೇ ನನ್ನನ್ನು ಹಿಂದಕ್ಕೆ ತಳ್ಳಿ ತಾವು ಮುಂದೆ ನಿಂತಿದ್ದರು. ಬಂದವರಲ್ಲಿ ವಯಸ್ಸಾದವನೊಬ್ಬ ತಲೆ ತಗ್ಗಿಸಿ ಹೇಳಿದ: "ಹಾಲೂಡಿಸೂ ಹಂದಿ ಇತ್ರಿ. ಹುಡುಕಿದ್ವಿ, ಎರಡು ಮರಿ ಸಿಕ್ಕವು. ಉಳದವು ಗೊತ್ತಿಲ್ಲ." ಅಕ್ಕೋರು ಬರಿ ನೆಲದ ಮೇಲೆ ಕೂತುಬಿಟ್ಟರು.

ಮಾಲಕರು ಏನೆಂದರು ಗೊತ್ತೇ? ಆ ದಿನ ತಾವು ಕೊಲ್ಹಾಪುರಕ್ಕೆ ಮದುವೆಗೆ ಹೋಗಿದ್ದುದಾಗಿ ಹೇಳಿದರು. ಮದುವೆಯ ಫೋಟೋ ಕೊಟ್ಟರು, ಜೊತೆಗಿದ್ದ ಮೂವರೂ ಹೌದೆಂದರು. ಇನ್ನು ಏನೂ ಗೊತ್ತಿಲ್ಲದ ಆ ಕಾವಲುಗಾರನಿಗೆ ಒಂದು ಸಂಗತಿ ಮಾತ್ರ ಚೆನ್ನಾಗಿ ನೆನಪಿತ್ತು. ಶನಿವಾರ ಬೆಳಗಾವಿಯಿಂದ ಒಬ್ಬರು ಅಕ್ಕೋರು, ಒಬ್ಬಳು ಹುಡುಗಿ ಬಂದಿದ್ದರು, ಬಾಣದ ಸುದ್ದಿ ಮಾತಾಡುತ್ತಿದ್ದರು. ಬಾಣ ಕೇಳಲು ಹೋದದ್ದೇ ನಮಗೆ ಉರುಳಾಯಿತು. ಶುಕ್ರವಾರ ಶೆಡ್ಡಿನಲ್ಲಿದ್ದ ಉಳಿದ ಹುಡುಗರನ್ನು ಅವರ ಮನೆಯವರು ಸಾಕ್ಷಿ ಹೇಳಲು ಬಿಡಲಿಲ್ಲ. ಕೇಸು ಅಕ್ಕೋರ ಮೇಲೆ ಬಿತ್ತು.

ಕೇಸು ಬಿದ್ದ ಸಂಜೆ ನಾನು ಅವರ ಮನೆಗೆ ಹೋಗಿ ಜಗಳ ತೆಗೆದೆ.

"ನಾ ಹೋಗಿ ಹೇಳ್ತೀನ್ರಿ."

"ಏನಂತ? ಬಾಣ ನಂದು, ಆ ದಿನಾ ನಾನೂ ಅಲ್ಲೇ ಇದ್ದೆ ಅಂತ? ಭಾಳ ಶಾಣ್ಯಾಕಿ ಆಗೀ."

"ಅವರ ಕಾರು ಒಳಗಿತ್ತು ಅಂತ ಹೇಳ್ತೀನಿ. ಚೀಲ ತಂದಾವ ಅವ ಅಂತ ಹೇಳ್ತೀನಿ."

"ಹೇಳೀಯಂತ. ಆದ್ರ ಅವರು ಮೊದಲ ಕೇಳೂದು ಅಕ್ಷರ ಯಾರದು ಅಂತ. ರಾಜ್ಯದ ತಂಡದ ಆಯ್ಕಿ ಮುಂದಿನ ತಿಂಗಳ ಐತಿ. ಅಡವಿ ಜೀವ ಕೊಂದ ಕೇಸಿನಾಗ ಹೆಸರಿದ್ದಾಕಿನ್ನ ಯಾವ ತಂಡದಾಗ ತಗೋತಾರ? ಆಯ್ಕಿ ಮುಗೀಲಿ. ಆಮ್ಯಾಲ ನೀನ ಹೋಗಿ ಬೇಕಾದ್ದು ಹೇಳು. ಅಲ್ಲಿ ತನಕಾ ಬಾಯಿ ಮುಚ್ಚು."

"ನನ್ನ ಒಂದ ಮಾತು ಕೇಳಲಾರದ ಯಾಕ ತಲಿ ಕೊಟ್ರಿ ನೀವು?"

"ತಲಿ ನಂದು."

"ಅಕ್ಷರ ನಂದಲ್ರಿ!"

"ಆರಿಸಿದ್ದು ನಾನಲ್ಲೇನ!" ಎಂದು ಕೂಗಿದರು. ಅಡುಗೆಮನೆಯಿಂದ ಅವರ ಯಜಮಾನರು ಇಣುಕಿ ನೋಡಿ, ಮತ್ತೆ ಒಳಗೆ ಹೋದರು. "ಕಿತ್ತಳಿ ಗರಿ ದೂರದಿಂದ ಕಾಣ್ತಾವ ಅಂತ ಆರಿಸಿ ಕೊಟ್ಟಾಕಿ ನಾನು. ನೀ ಏನ್ ಮಾಡಿದಿ? ಏನೂ ಇಲ್ಲ. ಹೋಗು, ನಾಳೆ ಆರಕ್ಕ ಬಾ."

ಮರುದಿನ ಆರಕ್ಕೆ ಹೋದರೆ ಮೈದಾನದ ಗೇಟಿಗೆ ಬೀಗ. ಒಳಗೆ ನಮ್ಮ ಗುರಿಗಳು ನಿಂತಿದ್ದವು. ಅಕ್ಕೋರು ಕಾಕತಿಯ ಕಡೆ ಪರಿಚಯದವರ ಗೋದಾಮಿನ ಹಿಂದೆ ಒಂದು ಖಾಲಿ ಜಾಗ ಹುಡುಕಿದರು. ಹೊಸದಾಗಿ ಎರಡು ಗುರಿ ಕಟ್ಟಿದೆವು. ಅರ್ಧ ಹುಡುಗರು ಬರಲಿಲ್ಲ. ಕೇಸಿದ್ದ ಅಕ್ಕೋರ ಬಳಿ ಕಳಿಸುವುದಿಲ್ಲ ಎಂದರು ಅವರ ಮನೆಯವರು. ಅಲ್ಲೂ ಅಕ್ಕೋರು ಕೋಲು ಹಿಡಿದು ಗುರಿ ತಟ್ಟುತ್ತಿದ್ದರು, ಆದರೆ ಮಾತಿಲ್ಲದೆ.

ಬಸದಿಯಲ್ಲಿ ಆದದ್ದನ್ನು ಅವರು ಹೇಳಲಿಲ್ಲ, ಯಜಮಾನರು ಹೇಳಿದರು. ಪೂಜೆಗೆ ಕೂತಾಗ ಪಕ್ಕದಲ್ಲಿದ್ದ ಇಬ್ಬರು ಎದ್ದು ಬೇರೆ ಕಡೆ ಹೋಗಿ ಕೂತರಂತೆ. ಜೀವಮಾನವೆಲ್ಲ ನೀರು ಸೋಸಿ ಕುಡಿದವರ ಹೆಸರಿನ ಮುಂದೆ ಹಾಲೂಡಿಸುವ ತಾಯಿಯ ಕೊಲೆ ಇತ್ತು. ಅಕ್ಕೋರು ಉಪವಾಸ ಹಿಡಿದರು. ದಿನ ಬಿಟ್ಟು ದಿನ, ಆ ಹಂದಿಯ ಹೆಸರಿನಲ್ಲಿ, ಸಿಗದ ಮರಿಗಳ ಹೆಸರಿನಲ್ಲಿ. ನನಗೆ ಗೊತ್ತಾದದ್ದು ಎಳೆದು ತೋರಿಸಲು ಎತ್ತಿದ ಬಿಲ್ಲನ್ನು ಅವರು ಅರ್ಧಕ್ಕೇ ಇಳಿಸಿದಾಗ.

"ಉಪವಾಸ ಅವ ಮಾಡ್ಬೇಕ್ರಿ, ನೀವ್ಯಾಕ ಮಾಡ್ತೀರಿ?" ಎಂದೆ. ಬಹುಶಃ ಅವರ ಮುಂದೆ ಅಷ್ಟು ಜೋರಾಗಿ ನಾನೆಂದೂ ಮಾತಾಡಿರಲಿಲ್ಲ.

"ಅವ ಮಾಡೂದಿಲ್ಲಲ್ಲ. ಯಾರರ ಮಾಡ್ಬೇಕಲ್ಲ."

ಆ ಮಾತನ್ನು ಜನ ದೊಡ್ಡ ಮಾತು ಎನ್ನಬಹುದು. ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರೂ ಮಾಡಬೇಕಾಗಿರಲಿಲ್ಲ. ಮಾಡಬೇಕಾದವನು ಬೆಳಗಾವಿಯ ಹೋಟೆಲುಗಳಲ್ಲಿ ಎರಡೂ ಹೊತ್ತು ಉಣ್ಣುತ್ತಿದ್ದ.

ಇತ್ತ ಆಯ್ಕೆ ಮುಂದಕ್ಕೆ ಹೋಯಿತು. ಕಾರಣ ಹೇಳಲಿಲ್ಲ. ಹೊಸ ದಿನ ಬಂತು, ಅದೂ ಮುಂದಕ್ಕೆ ಹೋಯಿತು. ಪ್ರತಿ ಸಲ ನಾನು ಖಾನಾಪುರಕ್ಕೆ ಹೋಗುತ್ತೇನೆಂದು ಹೊರಟೆ, ಪ್ರತಿ ಸಲ ಅಕ್ಕೋರು ಬಾಗಿಲಿಗೆ ಅಡ್ಡ ನಿಂತವರಂತೆ "ಆಯ್ಕಿ ಆಗಲಿ" ಎಂದರು. ಎರಡನೆಯ ಸಲ ಮುಂದೂಡಿದ ಸುದ್ದಿ ಬಂದ ವಾರವೇ, ಒಂದು ಮುಂಜಾನೆ ಸ್ನಾನ ಮಾಡಿ ಪೂಜೆಗೆ ಹೂ ಬಿಡಿಸಲು ಹಿತ್ತಲಿಗೆ ಹೋದವರು ಅಲ್ಲೇ ಕುಸಿದರು. ಹೃದಯ ನಿಂತಿತ್ತು. ಗೋದಾಮಿನ ಹಿಂದೆ ನಾನು ಅವರಿಗಾಗಿ ಕಾಯುತ್ತ ನಿಂತಿದ್ದೆ. ತಡವಾಯಿತೆಂದು ಸಿಟ್ಟು ಮಾಡಿಕೊಂಡು ನಿಂತಿದ್ದೆ.

ಮೂರನೆಯ ದಿನ ಆ ಫ್ಲೆಕ್ಸ್. ನಾಲ್ಕನೆಯ ದಿನ ನಾನು ಅದನ್ನು ಹರಿದೆ, ಹಗಲಿನಲ್ಲೇ, ಎಲ್ಲರೂ ನೋಡುವಂತೆ. ಕೈಮುಗಿದವರನ್ನು ಮೊದಲು. ಯಾರೂ ತಡೆಯಲಿಲ್ಲ.

ನಂತರ ಖಾನಾಪುರಕ್ಕೆ ಹೋದೆ. ಅಪ್ಪ ಜೊತೆಗೆ ಬಂದರು. ದಾರಿಯುದ್ದಕ್ಕೂ ಒಂದೇ ಮಾತು: "ಸತ್ತವರ ಹೆಸರು ತೊಳಿಯಾಕ ಹೋಗಿ ಬದುಕಿದವರ ಹೆಸರಿಗೆ ಕೆಸರ ಹಚ್ಚಬ್ಯಾಡವ್ವಾ. ಅವರರ ಯಾಕ ಸುಮ್ನ ಇರು ಅಂದಿದ್ರು? ನಿನ್ನ ಸಂಬಂಧ."  ಆಯ್ಕೆಗೆ ಮತ್ತೊಂದು ದಿನ ಗೊತ್ತಾಗಿತ್ತು, ಈ ಸಲ ಖಂಡಿತ ಎಂದಿದ್ದರು.

ಅರಣ್ಯ ಇಲಾಖೆಯ ಕಚೇರಿಯಲ್ಲಿ ಅಧಿಕಾರಿ ಮೇಡಂ ಒಬ್ಬರಿದ್ದರು. ಸಣ್ಣ ವಯಸ್ಸು, ಸಮಾಧಾನದ ಮಾತು. ಫೈಲು ತರಿಸಿ ನೋಡಿದರು.

"ತೀರಿಕೊಂಡವರ ಮ್ಯಾಲಿನ ಕೇಸು ಅಲ್ಲಿಗೆ ನಿಲ್ತೈತಿ ತಂಗಿ. ಬೇರೆ ಸಾಕ್ಷಿ ಇಲ್ಲ ಅಂದ್ರ ಫೈಲು ಮುಚ್ಚೂದ."

"ಒಳಗ ಆರೋಪಿ ಅಂತ ಯಾರ ಹೆಸರ ಇರ್ತೈತ್ರಿ?"

"ಅವರದ."

"ನಾ ಹೇಳಿಕಿ ಕೊಟ್ರ?"

ಅವರು ಫೈಲಿನೊಳಗಿನ ಬಾಣದ ಫೋಟೋ ತೆಗೆದು ನನ್ನ ಕಡೆ ಸರಿಸಿದರು. "ಕೊಟ್ರ ಮುಚ್ಚೂದಿಲ್ಲ. ಅವರನ್ನ ಮತ್ತ ಕರಸ್ತೀವಿ, ಫೋನು ಎಲ್ಲಿತ್ತು, ಕಾರು ಎಲ್ಲಿತ್ತು, ಎಲ್ಲಾ ತೆಗಸ್ತೀವಿ. ಆದ್ರ ಮೊದಲ ಪ್ರಶ್ನೆ ನಿಮಗ ಬರ್ತೈತಿ. ಬಾಣ ನಿಮ್ಮದು, ನೀವು ಅಲ್ಲಿ ಹೋಗಿದ್ರಿ. ಕೋರ್ಟಿಗೂ ಬರ್ಬೇಕಾಗ್ತೈತಿ, ವರ್ಷಗಟ್ಟಲೆ ಆಗಬಹುದು. ಮನೀಗೆ ಹೋಗಿ ವಿಚಾರ ಮಾಡ್ರಿ. ಅವಸರ ಏನಿಲ್ಲ."

ಅಪ್ಪ ಎದ್ದು ನಿಂತರು. ನಾನು ಕೂತೇ ಇದ್ದೆ.

"ವಿಚಾರ ಮಾಡಾಕ ಎರಡ ಸಲ ಆಯ್ಕಿ ಮುಂದ ಹೋಗೇತ್ರಿ ಮೇಡಂ. ಬರಕೋರಿ."

ಬಾಣ ನನ್ನದು, ಅಕ್ಷರ ನನ್ನವು. ಕೊಳವೆ ಕಾರಿನಲ್ಲಿಟ್ಟವಳು ನಾನು. ಒಯ್ದವರು ಇಂಥವರು, ಅವರ ಕಾರು ಶನಿವಾರ ಆ ತೋಟದೊಳಗೆ ನಿಂತದ್ದನ್ನು ನಾನು ಕಂಡಿದ್ದೇನೆ. ಕಟ್ಟಿಕೊಟ್ಟವರಿಗೆ ಬೇಟೆ ಎಂಬುದು ಗೊತ್ತಿರಲಿಲ್ಲ, ಗೊತ್ತಾದ ಕೂಡಲೇ ಚೀಲ ಬಿಚ್ಚಿ ಒಗೆದರು. ಇಷ್ಟನ್ನೂ ಹೇಳಿದೆ. ಓದಿ ಹೇಳಿದರು. ಪ್ರತಿ ಹಾಳೆಯ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ಆಯ್ಕೆಯವರಿಗೂ ಅದೇ ದಿನ ನಾನೇ ಬರೆದು ತಿಳಿಸಿದೆ. ಬೇರೆ ಯಾರಿಂದಲೋ ಗೊತ್ತಾಗುವುದು ಬೇಡ. ಅವರ ಉತ್ತರ ಇನ್ನೂ ಬಂದಿಲ್ಲ. ಮಾಲಕರನ್ನು ಕಚೇರಿಗೆ ಕರೆಸಿದ್ದಾರೆಂದು ಮೊನ್ನೆ ಕೇಳಿದೆ. ಕಾಕತಿಯ ಜಾಗದಲ್ಲಿ ಈಗ ನಾವು ನಾಲ್ಕೇ ಜನ. ನಾವೇ ನಮಗೆ ಕಲಿಸಿಕೊಳ್ಳುತ್ತಿದ್ದೇವೆ.

ನನಗೆ ಬಿಲ್ಲು ಹಿಡಿಯಲು ಕಲಿಸಿದವರು ಅವರು. ಅವರ ಋಣ ದೊಡ್ಡದು ಎಂದು ಎಲ್ಲರೂ ಹೇಳುತ್ತಾರೆ, ನಾನು ಅಲ್ಲವೆನ್ನುವುದಿಲ್ಲ. ಆದರೆ ಕೇಳದೆ ಹೊರಿಸಿದ ಋಣ ಅದು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಖಾನಾಪುರದಿಂದ ಬರುವ ಬಸ್ಸಿನಲ್ಲಿ, ಅಪ್ಪ ಪಕ್ಕದಲ್ಲಿ ತೂಕಡಿಸುತ್ತಿದ್ದಾಗ, ಬೆಳಗಾವಿ ಬರುವ ತನಕ ಮನಸ್ಸಿನಲ್ಲೇ ಅವರೊಡನೆ ಜಗಳ ಆಡಿದೆ. ಅಕ್ಕೋರ, ನೀವು ನನ್ನ ಕೇಳಲಾರದ ನಿಮ್ಮ ಹೆಸರು ಕೊಟ್ರಿ. ನಾನೂ ನಿಮ್ಮನ್ನ ಕೇಳಲಾರದ ನನ್ನ ಹೆಸರು ಕೊಟ್ಟೀನಿ. ಈಗ ಬೈರಿ.